ಇಪ್ಪತ್ತಕ್ಕೆ ಒಂದು ಪಂಕ್ಚರ್

ಹುಟ್ಟುಹಬ್ಬ ಬಂತೆಂದರೆ ಗೆಳೆಯರಿಗೆ ಮಿಸಳ್-ಚಹಾ ಕೊಡಿಸುವುದು ಪುಣೆಯ ನಮ್ಮ ಹಾಸ್ಟೆಲಿನ ಪದ್ಧತಿ. ಅದು ಇರಲಿ. ವರ್ಷಕ್ಕೊಂದು ಕೈಕೆಲಸ ಕಲಿಯಬೇಕೆಂದು ನಾನು ಹಟ ಹಿಡಿದಿದ್ದೇನೆ. 18ಕ್ಕೆ ಗುಂಡಿ ಹೊಲಿಯುವುದು, 19ಕ್ಕೆ ಅನ್ನ-ಸಾರು, ಈ ಸಲ 20ಕ್ಕೆ ಸೈಕಲ್ಲಿನ ಪಂಕ್ಚರ್.

ನನ್ನ ಮೆಸ್ಸಿನ ಬಿಲ್ಲು ನಡೆಯುವುದೇ ಸಂಜೆಯ ಎರಡು ಟ್ಯೂಷನ್ನಿನಿಂದ. ಕೋಥರೂಡಿನಿಂದ ರಾತ್ರಿ ಮರಳುವಾಗ ಸೈಕಲ್ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಸೈಕಲ್ ನಿಂತರೆ ಊಟವೂ ನಿಂತಂತೆಯೇ!

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ಟಯರಿಗೆ ಪೇಟೆಂಟ್ ಪಡೆದ. ಸುಖದ ಜೊತೆಗೇ ಈ ಕಷ್ಟವೂ ಬಂತು.

ಗಾಳಿ ಇಳಿದ ಕೂಡಲೇ ಟಯರು ಬಿಚ್ಚಬೇಡಿ. ಮೊದಲು ವಾಲ್ವಿನ ಬಾಯಿಗೆ ತುಸು ಉಗುಳು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಒಳಗಿನ ಸಣ್ಣ ರಬ್ಬರ್ ನಳಿಗೆ ಹೋಗಿದೆ ಎಂದರ್ಥ. ಅದನ್ನು ಬದಲಿಸಿದರೆ ಮುಗೀತು. ಗುಳ್ಳೆ ಇಲ್ಲವೋ, ಟ್ಯೂಬು ತೆಗೆದು ಗಾಳಿ ತುಂಬಿ ಬಕೀಟಿನ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸಿ. ಗುಳ್ಳೆ ಬಂದಲ್ಲಿ ಗುರುತು ಹಾಕಿ, ಗಾಳಿ ಬಿಟ್ಟು, ಒರೆಸಿ, ಉಪ್ಪುಕಾಗದದಿಂದ ತಿಕ್ಕಿ ಸೊಲ್ಯೂಷನ್ ಹಚ್ಚಿ.

ತಾಳ್ಮೆ ಬೇಕಾಗುವುದು ಇಲ್ಲಿ. ಹಸಿಯಿರುವಾಗಲೇ ತೇಪೆ ಅಂಟಿಸಿದರೆ ದ್ರಾವಕ ಆರದೆ ಅಡಿಯಲ್ಲೇ ಉಳಿದು ತೇಪೆ ಏಳುತ್ತದೆ. ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ. ಬೆರಳಿಗೆ ಅಂಟದಷ್ಟು ಆರಿದ ಮೇಲೆ ತೇಪೆಯನ್ನು ಒತ್ತಿ ಕೂರಿಸಿ. ಟಯರಿನ ಒಳಮೈ ತಡವಿ ನೋಡುವುದನ್ನು ಮಾತ್ರ ಮರೀಬೇಡ್ರೀ. ಮುಳ್ಳು ಅಲ್ಲೇ ಕೂತಿದ್ದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಸೊಲ್ಯೂಷನ್ನಿನ ಮುಚ್ಚಳ ಬಿಗಿಯಾಗಿ ಹಾಕಿಡಿ, ಒಣಗಿದರೆ ಬರೀ ತಗಡು ಉಳಿಯುತ್ತದೆ.