ಯಾವ ಸಿದ್ದಾಪುರ? ಯಾವ ಶೆಟ್ರು?

‘ನಮ್ಮೂರು ಸಿದ್ದಾಪುರ’ ಅಂದ ಕೂಡಲೇ ಬೆಂಗಳೂರಿನ ಸಹೋದ್ಯೋಗಿಗಳು ಕೇಳುವುದು ಒಂದೇ: ‘ಶಿರಸಿ ಹತ್ರದ್ದಾ, ಕೊಡಗಿನದ್ದಾ?’ ಎರಡೂ ಅಲ್ಲ. ಕುಂದಾಪುರದಿಂದ ಹುಲಿಕಲ್ ಘಾಟಿ ಕಡೆಗೆ ಹೊರಟರೆ ಹೊಸಂಗಡಿಗಿಂತ ಮೊದಲು ಸಿಗುವ ಸಿದ್ದಾಪುರ ನಮ್ಮದು. ಪಿನ್‌ಕೋಡ್ ಸರಿಯಾಗಿ ಬರೆಯದಿದ್ದರೆ ಪಾರ್ಸೆಲ್ ಯಾವ ಸಿದ್ದಾಪುರಕ್ಕೆ ಹೋಗುತ್ತದೋ ದೇವರೇ ಬಲ್ಲ.

ಬರೀ ಹೆಸರನ್ನು ನಂಬಬಾರದು ಅನ್ನುವುದು ಹೀಗೆ ಚಿಕ್ಕಂದಿನಿಂದಲೂ ಗೊತ್ತಿದ್ದ ಪಾಠ. ಆದರೂ ಅಣ್ಣನ ಕೆಲಸಕ್ಕೆ ಡೇಟಾಬೇಸ್ ಆ್ಯಪ್ ಹೊಂದಿಸಿಕೊಡುವಾಗ ಅದನ್ನೇ ಮರೆತೆ. ಬೆಲೆ ತೆತ್ತದ್ದು ಇನ್ಯಾರದೋ ಅಡಿಕೆ ತೋಟ.

ಅಣ್ಣ ನಾಲ್ಕೈದು ಜನರನ್ನು ಕಟ್ಟಿಕೊಂಡು ಸುತ್ತಮುತ್ತಲ ತೋಟಗಳಿಗೆ ಮದ್ದು ಹೊಡೆಸುತ್ತಾನೆ. ಮದ್ದು ಅಂದರೆ ಬೋರ್ಡೋ ದ್ರಾವಣ: 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆಗಾಲ ಶುರುವಾಗುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ. ಎರಡನೆಯದು ತಪ್ಪಿದರೆ ಕೊಳೆರೋಗ ಕಾದು ಕೂತಿರುತ್ತದೆ. ಇಷ್ಟಕ್ಕೂ ಲೆಕ್ಕ ಇದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ಉಳಿದದ್ದು ಅವನ ತಲೆಯಲ್ಲಿ.

ಆಫೀಸಿನಲ್ಲಿ ದಿನವಿಡೀ ಏರ್‌ಟೇಬಲ್ ನೋಡುವ ನಾನು ಒಂದೇ ರಾತ್ರಿಯಲ್ಲಿ ಆ್ಯಪ್ ರೆಡಿ ಮಾಡಿದೆ. ಸಿದ್ಧ ಟೆಂಪ್ಲೇಟ್ ತೆಗೆದುಕೊಂಡದ್ದು: ಫಸ್ಟ್ ನೇಮ್, ಲಾಸ್ಟ್ ನೇಮ್, ಇಮೇಲ್, ಪ್ರಯಾರಿಟಿ, ಸ್ಟೇಟಸ್, ನೋಟ್ಸ್... ಒಟ್ಟು 18 ಫೀಲ್ಡ್. ಅಣ್ಣ ಫೋನ್ ಹಿಡಿದು ಕೆಳಗೆ ಸರಿಸಿದ, ಸರಿಸಿದ, ಮುಗಿಯಲೇ ಇಲ್ಲ. ‘ಇದೆಲ್ಲ ಬರೆಯೂಕೆ ಪುರ್ಸೊತ್ತ್ ಎಲ್ಲಿತ್ತ್ ಮಾರಾಯಾ?’ ಅಂದ. ನಾನು ನಕ್ಕು ಬೆಂಗಳೂರಿನ ಬಸ್ ಹತ್ತಿದೆ.

ಆ ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಶೆಟ್ರಿದ್ದರು. ಒಬ್ಬರ ತೋಟಕ್ಕೆ ಎರಡನೇ ಸಲ ಮದ್ದು ಹೊಡೆದ ಹುಡುಗರು ಇನ್ನೊಬ್ಬರ ಸಾಲಿನಲ್ಲಿ ‘ಡನ್’ ಒತ್ತಿದರು. ಆ ಇನ್ನೊಬ್ಬರು ‘ಇವತ್ತು ಬರ್ತಾರೆ, ನಾಳೆ ಬರ್ತಾರೆ’ ಅಂತ ಕಾದರು. ಅವರು ಫೋನ್ ಮಾಡುವಷ್ಟರಲ್ಲಿ ಮರದ ಬುಡದಲ್ಲಿ ಹಸಿ ಕಾಯಿ ಉದುರಿ ಬಿದ್ದಿತ್ತು. ಅಣ್ಣ ಮೊದಲ ಸಲದ ದುಡ್ಡನ್ನೂ ವಾಪಸ್ ಕೊಟ್ಟ. ಮುಂದಿನ ವರ್ಷ ಅವರು ಕರೆಯಲಿಲ್ಲ. ನನಗೆ ಮಾತ್ರ ಅಣ್ಣ ಒಂದು ಮಾತೂ ಅನ್ನಲಿಲ್ಲ.

ಫೀಲ್ಡ್ ಅಂದರೆ ಒಂದು ಪ್ರಶ್ನೆ

ಹಾಗೆ ನೋಡಿದರೆ ಫೀಲ್ಡ್ ಅನ್ನುವುದು ನಮ್ಮ ಹಿರಿಯರಿಗೆ ಹೊಸತಲ್ಲ. ಪಹಣಿಯ 9ನೇ ಕಾಲಂ ಅಂದರೆ ‘ಜಾಗ ಯಾರದ್ದು?’, 11ನೇ ಕಾಲಂ ಅಂದರೆ ‘ಸಾಲಗೀಲ ಇದೆಯಾ?’. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೂ ಜನ ಈ ನಂಬರುಗಳಲ್ಲೇ ಮಾತಾಡುತ್ತಾರೆ. ಯಾಕೆಂದರೆ ಒಂದೊಂದು ಕಾಲಮ್ಮೂ ಅವರಿಗೆ ನಿಜವಾಗಿ ಬೇಕಾದ ಒಂದು ಪ್ರಶ್ನೆಗೆ ಉತ್ತರ.

ನನ್ನ 18 ಫೀಲ್ಡ್‌ಗಳಲ್ಲಿ ಅಣ್ಣನ ಪ್ರಶ್ನೆ ಒಂದೂ ಇರಲಿಲ್ಲ. ಮರುವರ್ಷ ರಜೆಯಲ್ಲಿ ಬಂದಾಗ ಆ್ಯಪ್ ತೆರೆಯದೆ, ಜಗಲಿಯಲ್ಲಿ ಕೂತು ಅವನು ಬೆಳಿಗ್ಗೆ ಎದ್ದು ಏನೇನು ಯೋಚಿಸುತ್ತಾನೆ ಅಂತ ಬರೆದುಕೊಂಡೆ. ಇವತ್ತು ಯಾರ ತೋಟ? ಎಷ್ಟು ಮರ? ಹಿಂದಿನ ಸಲ ಹೊಡೆದದ್ದು ಯಾವತ್ತು? ನೀರು ಎಲ್ಲಿಂದ? ದುಡ್ಡು ಎಷ್ಟು ಬಾಕಿ? ಐದೇ ಪ್ರಶ್ನೆ. ಇಮೇಲ್, ಪ್ರಯಾರಿಟಿ ಎಲ್ಲ ಅಲ್ಲೇ ಬಿದ್ದುಹೋದವು.

ಹೆಸರು ಬೇರೆ, ಗುರುತು ಬೇರೆ

ಇಂಥ ಆ್ಯಪ್‌ಗಳಲ್ಲಿ ಮೊದಲ ಫೀಲ್ಡೇ ಸಾಲಿನ ಗುರುತು. ನಮ್ಮ ಕಡೆ ಆ ಜಾಗಕ್ಕೆ ಜನರ ಹೆಸರಿಗಿಂತ ಮನೆ ಹೆಸರು ಮತ್ತು ಊರು ಒಳ್ಳೆಯದು. ಅಂಚೆಯವರು, ಮದುವೆ ಕಾಗದ ಹಂಚುವವರು ಮನೆ ಹುಡುಕುವುದೂ ಹಾಗೇ ತಾನೆ? ಜತೆಗೆ ಆ್ಯಪ್ ತಾನಾಗಿ ಕೊಡುವ ಒಂದು ಕ್ರಮಸಂಖ್ಯೆ ಇಟ್ಟೆವು.

ಇನ್ನೊಂದು ಸುಲಭ ಸೂತ್ರ: ಕೂಡಿಸಿ ಕಳೆಯದ ನಂಬರು ನಂಬರೇ ಅಲ್ಲ. ಫೋನ್ ನಂಬರು, ಪಿನ್‌ಕೋಡ್, ಸರ್ವೆ ನಂಬರುಗಳನ್ನು ಪಠ್ಯದ ಫೀಲ್ಡಿನಲ್ಲಿ ಅಥವಾ ಅದಕ್ಕೆಂದೇ ಇರುವ ಫೀಲ್ಡಿನಲ್ಲಿ ಹಾಕಿ. ಸಂಖ್ಯೆ ಅಂತ ಹಾಕಿದರೆ ಮೊದಲಿನ ಸೊನ್ನೆ ಮಾಯ. ‘12/3’ ಅಂತ ಸರ್ವೆ ನಂಬರು ಬರೆದರೆ ಸ್ಪ್ರೆಡ್‌ಶೀಟ್ ಅದನ್ನು ತಾರೀಖು ಮಾಡಿ ಕೂರಿಸುವುದೂ ಉಂಟು.

ಸೆಂಟ್ಸೋ, ಗುಂಟೆಯೋ?

ಅಣ್ಣನಿಗೆ ಘಾಟಿ ಮೇಲೆ, ಹೊಸನಗರದ ಕಡೆಯೂ ಎರಡು ತೋಟ ಸಿಕ್ಕಿವೆ. ಅಲ್ಲಿಯವರು ‘ಎರಡು ಎಕರೆ ಇಪ್ಪತ್ತು’ ಅಂದರೆ 20 ಗುಂಟೆ. ನಮ್ಮಲ್ಲಿ ‘ಎರಡು ಎಕರೆ ಐವತ್ತು’ ಅಂದರೆ 50 ಸೆಂಟ್ಸ್. ಕೇಳಲು ಬೇರೆ ಬೇರೆ, ಆದರೆ ಜಾಗ ಎರಡೂ ಅಷ್ಟೇ! ಎಕರೆಗೆ 40 ಗುಂಟೆ, 100 ಸೆಂಟ್ಸ್. ಹಾಗಾಗಿ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. 1956ರವರೆಗೆ ಘಾಟಿ ಕೆಳಗಿನ ನಾವು ಮದರಾಸಿಗೆ ಸೇರಿದವರು, ಮೇಲಿನವರು ಮೈಸೂರಿನವರು. ಗಡಿ ಅಳಿಸಿಹೋದರೂ ಅಳತೆ ಉಳಿಯಿತು.

ಈಗ ಫೀಲ್ಡಿನ ಹೆಸರೇ ‘ಜಾಗ (ಸೆಂಟ್ಸ್)’. ಅಳತೆಯ ಹೆಸರು ಫೀಲ್ಡಿನ ಹೆಸರಿನಲ್ಲೇ ಇರಲಿ, ಒಳಗೆ ಬರೀ ಸಂಖ್ಯೆ ಇರಲಿ. ಲೀಟರೋ ಡ್ರಮ್ಮೋ, ಕಿಲೋನೋ ಕ್ವಿಂಟಲೋ ಅನ್ನುವ ಗಲಾಟೆ ಅಲ್ಲಿಗೇ ಮುಗಿಯುತ್ತದೆ.

ತೋಟ ಒಂದು, ಭೇಟಿ ಹಲವು

ನನ್ನ ದೊಡ್ಡ ತಪ್ಪು ಇದ್ದದ್ದು ಇಲ್ಲಿ. ಒಂದೇ ಸಾಲಿನಲ್ಲಿ ‘ಮೊದಲ ಸಿಂಪರಣೆ’, ‘ಎರಡನೇ ಸಿಂಪರಣೆ’ ಅಂತ ಫೀಲ್ಡ್ ಬೆಳೆಸುತ್ತ ಹೋಗಿದ್ದೆ. ಮಳೆ ಜಾಸ್ತಿಯಾಗಿ ಮೂರನೇ ಸಲ ಹೊಡೆದರೆ? ಮುಂದಿನ ವರ್ಷ ಏನು ಮಾಡುವುದು?

ಈಗ ಇರುವುದು ಎರಡು ಟೇಬಲ್. ‘ತೋಟ’ದಲ್ಲಿ ಬದಲಾಗದ ವಿಷಯ: ಮನೆ, ಫೋನ್, ಮರ, ನೀರು. ‘ಭೇಟಿ’ಯಲ್ಲಿ ಒಂದೊಂದು ಸಲಕ್ಕೆ ಒಂದೊಂದು ಸಾಲು: ತಾರೀಖು, ಎಷ್ಟು ಡ್ರಮ್, ಕೊಟ್ಟ ದುಡ್ಡು. ನಡುವೆ ಒಂದು ಲಿಂಕ್ ಫೀಲ್ಡ್. ಒಂದೇ ವಿಷಯವನ್ನು ಎರಡು ಕಡೆ ಬರೆಯದೆ ಟೇಬಲ್‌ಗಳನ್ನು ಜೋಡಿಸುವ ಈ ಉಪಾಯವನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲೇ ಬರೆದಿಟ್ಟರು. ನಮ್ಮ ಫೋನಿನ ಆ್ಯಪ್‌ಗಳು ಇವತ್ತಿಗೂ ಅವರ ಋಣದಲ್ಲೇ ಇವೆ.

ಮುಂದಿನ ತಾರೀಖನ್ನು ಯಾರೂ ಬರೆಯುವುದಿಲ್ಲ. ‘ಕೊನೆಯ ಭೇಟಿಗೆ 40 ದಿನ ಕೂಡಿಸು’ ಅಂತ ಸೂತ್ರದ ಫೀಲ್ಡ್ ಇದೆ. ತಾರೀಖು ದಿನ–ತಿಂಗಳು–ವರ್ಷ ಅಂತ ತೋರಿಸುವಂತೆ ಹೊಂದಿಸಿಕೊಳ್ಳಿ, ಇಲ್ಲದಿದ್ದರೆ 6/7 ಅನ್ನುವುದು ಜುಲೈಯೋ ಜೂನೋ ಗೊತ್ತಾಗದು. ಸ್ಥಿತಿ ತಿಳಿಸಲು ಆಯ್ಕೆ ಮೂರೇ: ಬಾಕಿ, ಆಯ್ತು, ಮಳೆಗೆ ನಿಂತಿದೆ. ಬರೆಯಲು ಬಿಟ್ಟರೆ ಒಬ್ಬ ‘ಆಯ್ತ್’, ಇನ್ನೊಬ್ಬ ‘ಓಕೆ’, ಮತ್ತೊಬ್ಬ ಹೆಬ್ಬೆಟ್ಟಿನ ಇಮೋಜಿ. ಆಮೇಲೆ ಹುಡುಕುವುದು ಹೇಗೆ?

ಕೈ ಹಾಕುವ ಮೊದಲು

ಬಳಕೆಯಲ್ಲಿರುವ ಫೀಲ್ಡಿನ ಬಗೆ ಬದಲಾಯಿಸುವ ಮುನ್ನ ಟೇಬಲಿನ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ‘ಮುನ್ನೂರ ಚಿಲ್ರೆ’ ಅಂತ ಬರೆದದ್ದನ್ನು ಸಂಖ್ಯೆಯ ಫೀಲ್ಡಿಗೆ ತಿರುಗಿಸಿದರೆ ಆ ಮನೆ ಖಾಲಿಯಾಗುವುದೇ ಹೆಚ್ಚು. ಫೋನಿನಲ್ಲಿ ತುಂಬುವವರಿಗೆ ಬೇಕಾದಷ್ಟೇ ತೋರಿಸಿ, ಉಳಿದದ್ದನ್ನು ಮರೆಮಾಡಿ. ಅಣ್ಣನ ಹುಡುಗರ ಫಾರ್ಮಿನಲ್ಲಿ ಈಗ ಇರುವುದು ನಾಲ್ಕೇ ಫೀಲ್ಡ್. ಒದ್ದೆ ಕೈಯಲ್ಲಿ ಅದಕ್ಕಿಂತ ಹೆಚ್ಚು ಒತ್ತಲಾಗದು.

‘ನೋಟ್ಸ್’ ಒಂದು ಇರಲಿ, ಆದರೆ ತಿಂಗಳಿಗೊಮ್ಮೆ ಓದಿ. ಒಂದೇ ಮಾತು ಅಲ್ಲಿ ನಾಲ್ಕೈದು ಸಲ ಬಂದಿದ್ದರೆ ಅದಕ್ಕೊಂದು ಸ್ವಂತ ಫೀಲ್ಡ್ ಬೇಕು ಅಂತ ಅರ್ಥ. ಇದನ್ನು ನನಗೆ ತೋರಿಸಿಕೊಟ್ಟದ್ದು ಅಣ್ಣನೇ. ಕಳೆದ ವಾರ ಫೋನ್ ಮಾಡಿದ್ದ.

‘ನಾಯಿ ಕಟ್ಟಿದ್ರಾ ಇಲ್ಯಾ ಅಂತ ಒಂದ್ ಕಾಲಂ ಹಾಕ್ ಕಾಂಬ.’

ಕೂಡಲೇ ಹಾಕಿದೆ. 18 ಫೀಲ್ಡ್ ಮಾಡಿದಾಗ ಸಿಗದ ಖುಷಿ ಈ ಒಂದರಲ್ಲಿ ಸಿಕ್ಕಿತು. ಇದು ಅವನೇ ಕೇಳಿದ ಪ್ರಶ್ನೆಯಲ್ಲವೇ?