ಹಳೆಯ ಕಾರ್ಯಾಚರಣ ವ್ಯವಸ್ಥೆ ಮತ್ತು ಹೊಸ ಗಣಕಯಂತ್ರ: ಸವದತ್ತಿಯ ಒಂದು ಕಡತ ಸಂಗ್ರಹದ ನಿಮಿತ್ತವಾಗಿ

ಸವದತ್ತಿಯು ಪ್ರಾಚೀನ ಶಾಸನಗಳಲ್ಲಿ ಸುಗಂಧವರ್ತಿಯೆಂದು ಕರೆಯಿಸಿಕೊಂಡ ಊರು. ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ತಮ್ಮ ನೆಲೆಯನ್ನು ಬದಲಿಸುವ ಮೊದಲು ರಟ್ಟರು ಇಲ್ಲಿಂದಲೇ ಆಳಿದರು. ಇಲ್ಲಿಯ ಕಲ್ಬರಹಗಳನ್ನು ಜೆ. ಎಫ್. ಫ್ಲೀಟರು 19ನೆಯ ಶತಮಾನದ ಉತ್ತರಾರ್ಧದಲ್ಲಿಯೇ ಓದಿ ಪ್ರಕಟಿಸಿದರೆಂಬುದು ಇತಿಹಾಸದ ಅಭ್ಯಾಸಿಗಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಸಾವಿರ ವರುಷಗಳ ಹಿಂದಿನ ಕಲ್ಲನ್ನು ಓದಲು ಹಗಲಿನ ಬೆಳಕು, ಒದ್ದೆ ಕಾಗದ, ಮಸಿ ಮತ್ತು ಲಿಪಿಯ ಪರಿಚಯ ಇಷ್ಟಿದ್ದರೆ ಸಾಕು. ಆದರೆ ಅದೇ ಸವದತ್ತಿಯಿಂದ ನಮ್ಮ ವಿಭಾಗಕ್ಕೆ ಬಂದ ಇನ್ನೊಂದು ಆಕರವು ಕೇವಲ ಇಪ್ಪತ್ತು ವರುಷಗಳಷ್ಟು ಹಳೆಯದಾಗಿದ್ದರೂ ಅದನ್ನು ಓದಲು ನಮಗೆ ಐದು ತಿಂಗಳು ಹಿಡಿಯಿತು. ಅದರ ವೃತ್ತಾಂತವನ್ನೂ, ಅದರಿಂದ ತಿಳಿದುಬಂದ ಕ್ರಮವನ್ನೂ ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಸವದತ್ತಿಯಲ್ಲಿ ಹಿಂದೆ ನಡೆಯುತ್ತಿದ್ದ ಒಂದು ಡಿ.ಟಿ.ಪಿ. ಕೇಂದ್ರವು ಮುಚ್ಚಿದ ತರುವಾಯ ಅದರ ಸಾಮಾನುಗಳು ಒಂದು ತಗಡಿನ ಪೆಟ್ಟಿಗೆಯಲ್ಲಿ ಉಳಿದಿದ್ದವು. ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮಲಪ್ರಭಾ ತೀರದ ಹಳ್ಳಿಗಳಲ್ಲಿ ತಿರುಗಿ ಶಾಸನಗಳ ಮತ್ತು ವೀರಗಲ್ಲುಗಳ ಪಾಠಗಳನ್ನು ಬರೆದುಕೊಂಡಿದ್ದರು. ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು 1970ರ ದಶಕದಲ್ಲಿ ಏರುವ ಮೊದಲು ನಕಲು ಮಾಡಿದ ಕೆಲವು ಪಾಠಗಳೂ ಅವುಗಳಲ್ಲಿದ್ದುವೆಂದು ಅವರ ಮನೆಯವರು ಹೇಳುತ್ತಾರೆ. ಪುಸ್ತಕ ಮಾಡಬೇಕೆಂದು ಅವರು 2004ರ ಸುಮಾರಿಗೆ ಅವೆಲ್ಲವನ್ನೂ ಈ ಕೇಂದ್ರದಲ್ಲಿ ಅಚ್ಚುಜೋಡಣೆ ಮಾಡಿಸಿದರು, ಪುಸ್ತಕವು ಹೊರಬರಲಿಲ್ಲ. ಕೈಬರಹದ ವಹಿಗಳನ್ನು ಗೆದ್ದಲು ತಿಂದುಹಾಕಿತು. ಹೀಗಾಗಿ ಪೆಟ್ಟಿಗೆಯೊಳಗಿನ ಹಳೆಯ ಹಾರ್ಡ್‌ಡಿಸ್ಕೇ ಆ ಪಾಠಗಳ ಏಕಮಾತ್ರ ಪ್ರತಿಯಾಗಿ ಉಳಿಯಿತು. ಅದರ ಜೊತೆಗೆ ವಿಂಡೋಸ್ ಎಕ್ಸ್‌ಪಿಯ ಸಿ.ಡಿ., ಅಚ್ಚುಜೋಡಣೆಯ ತಂತ್ರಾಂಶದ ಸಿ.ಡಿ., ಮತ್ತು ಯು.ಎಸ್.ಬಿ.ಗೆ ಸಿಕ್ಕಿಸುವ ಒಂದು ಸಣ್ಣ ಬೀಗ ಇದ್ದವು. ಈ ಬೀಗವಿಲ್ಲದೆ ಆ ತಂತ್ರಾಂಶವು ತೆರೆಯದು.

ಹಳೆಯ ಕನ್ನಡ ಕಡತಗಳೆಲ್ಲಕ್ಕೂ ಇಷ್ಟು ಪ್ರಯಾಸ ಬೇಕೆಂದು ಓದುಗರು ತಿಳಿಯಬಾರದು. ನುಡಿ, ಬರಹ ಮೊದಲಾದವುಗಳಲ್ಲಿ ಟೈಪ್ ಮಾಡಿದ ಸಾಮಾನ್ಯ ಕಡತಗಳನ್ನು ಆಯಾ ಫಾಂಟನ್ನು ಅಳವಡಿಸಿಕೊಂಡು ಇಂದಿನ ಯಂತ್ರದಲ್ಲಿಯೂ ಓದಬಹುದು. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳೂ ಇವೆ. ತಂತ್ರಾಂಶವು ತನ್ನದೇ ಸ್ವರೂಪದಲ್ಲಿ ಪುಟಗಳನ್ನು ಕಟ್ಟಿಟ್ಟು, ಬೀಗದ ಹೊರತು ಬಾಯಿ ಬಿಡದೆ ಇದ್ದಾಗ ಮಾತ್ರ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಮೊರೆಹೋಗಬೇಕಾಗುತ್ತದೆ. ನಮ್ಮ ಪ್ರಸಂಗವು ಈ ಎರಡನೆಯ ಬಗೆಯದು.

ಇನ್ನು ಡ್ರೈವರ್ ಎಂದರೇನೆಂಬುದನ್ನು ನೋಡೋಣ. ಗಣಕಯಂತ್ರದ ಬಿಡಿಭಾಗಗಳಾದ ಡಿಸ್ಕು, ಕೀಲಿಮಣೆ, ತೆರೆ, ಜಾಲದ ಕಾರ್ಡು ಇವುಗಳಿಗೆ ಒಂದೊಂದಕ್ಕೂ ತನ್ನದೇ ಆದ ಆಜ್ಞೆಗಳ ಭಾಷೆಯುಂಟು. ಕಾರ್ಯಾಚರಣ ವ್ಯವಸ್ಥೆಗೆ ಆ ಭಾಷೆಗಳು ಸ್ವತಃ ತಿಳಿಯವು. ಕಂಪನಿ ಸರಕಾರದ ಕಚೇರಿಯಲ್ಲಿ ಸಾಹೇಬನಿಗೂ ರೈತನಿಗೂ ನಡುವೆ ನಿಂತ ದುಭಾಷಿಯಂತೆ, ಇವೆರಡರ ನಡುವೆ ನಿಂತು ಮಾತನ್ನು ದಾಟಿಸುವ ಚಿಕ್ಕ ತಂತ್ರಾಂಶವೇ ಡ್ರೈವರು. ದುಭಾಷಿಗೆ ಎರಡೂ ಭಾಷೆಗಳು ಬರಬೇಕು. ಆದಕಾರಣ ಒಂದು ಭಾಗಕ್ಕೆ ಡ್ರೈವರ್ ಇದೆಯೇ ಎಂದು ಕೇಳಿದರೆ ಸಾಲದು. ಈ ಭಾಗಕ್ಕೆ ಈ ವ್ಯವಸ್ಥೆಯ ಸಲುವಾಗಿ ಯಾರಾದರೂ ಎಂದಾದರೂ ಡ್ರೈವರ್ ಬರೆದಿದ್ದಾರೆಯೇ ಎಂದು ಕೇಳಬೇಕು. ಈ ಪ್ರಶ್ನೆಗೆ ಎಷ್ಟೋ ಸಲ ‘ಇಲ್ಲ’ ಎಂಬುದೇ ಉತ್ತರವಾಗಿರುತ್ತದೆ. ಅದನ್ನು ಮೊದಲೇ ಅರಿಯದೆ ನಾವು ಎರಡು ತಿಂಗಳು ಕಳೆದೆವು.

ಈ ಉತ್ತರವನ್ನು ಬಹುಮಟ್ಟಿಗೆ ಕಾಲಗಣನೆಯಿಂದಲೇ ಊಹಿಸಬಹುದೆಂಬುದು ಇತಿಹಾಸದವರಿಗೆ ಸಮಾಧಾನದ ವಿಷಯ. ವಿಂಡೋಸ್ ಎಕ್ಸ್‌ಪಿಯು 2001ರ ಅಕ್ಟೋಬರದಲ್ಲಿ ಹೊರಬಂದಿತು. ಸಾಟಾ ಡಿಸ್ಕುಗಳನ್ನು ನಡೆಯಿಸುವ ಎ.ಎಚ್.ಸಿ.ಐ. ಎಂಬ ಪದ್ಧತಿಯ ಮೊದಲ ನಿರ್ದಿಷ್ಟ ಪಾಠವು 2004ರದು. ಹಾಗಿರುವಾಗ ಎಕ್ಸ್‌ಪಿಯ ಸಿ.ಡಿ.ಯಲ್ಲಿ ಅದರ ಡ್ರೈವರ್ ಇರುವುದಾದರೂ ಹೇಗೆ? ಸ್ಥಾಪನೆಯ ನಡುವೆ ನೀಲಿ ತೆರೆ ಮೂಡಿ, ಕೊನೆಗೆ 7ಬಿ ಎಂಬ ಅಂಕಿಯುಳ್ಳ ದೋಷಸಂಖ್ಯೆಯು ಕಾಣಿಸಿಕೊಂಡರೆ, ತಾನು ಯಾವ ಡಿಸ್ಕಿನಿಂದ ಏಳಬೇಕೋ ಆ ಡಿಸ್ಕೇ ವ್ಯವಸ್ಥೆಗೆ ಕಾಣುತ್ತಿಲ್ಲವೆಂದು ಸಾಮಾನ್ಯವಾಗಿ ತಿಳಿಯಬೇಕು. ಡಿಸ್ಕು ಕೆಟ್ಟಿದೆಯೆಂದು ಅರ್ಥವಲ್ಲ. ಇದೇ ರೀತಿ ವಿಂಡೋಸ್ 7 ಹೊರಬಂದದ್ದು 2009ರ ಅಕ್ಟೋಬರದಲ್ಲಿ. ಯು.ಎಸ್.ಬಿ. 3.0ರ ಡ್ರೈವರನ್ನು ವಿಂಡೋಸ್ ತನ್ನೊಳಗೇ ಇಟ್ಟುಕೊಂಡು ಬಂದದ್ದು 2012ರ ವಿಂಡೋಸ್ 8ರಿಂದ. ಎನ್.ವಿ.ಎಂ.ಇ. ಎಂಬ ವೇಗದ ಡಿಸ್ಕುಗಳ ಪದ್ಧತಿಯು 2011ರದು. ಯಂತ್ರದ ಭಾಗವು ವ್ಯವಸ್ಥೆಗಿಂತ ಕಿರಿಯದಾದರೆ ಡ್ರೈವರನ್ನು ಹೊರಗಿನಿಂದ ತರಬೇಕು. ತೀರ ಕಿರಿಯದಾದರೆ ತರಲಿಕ್ಕೂ ಸಿಗುವುದಿಲ್ಲ. ಏಕೆಂದರೆ ತಯಾರಕರು ಅಷ್ಟು ಹೊತ್ತಿಗೆ ಆ ಹಳೆಯ ವ್ಯವಸ್ಥೆಗಾಗಿ ಬರೆಯುವುದನ್ನು ನಿಲ್ಲಿಸಿರುತ್ತಾರೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು 2014ರ ಏಪ್ರಿಲ್ 8ರಂದೂ, ವಿಂಡೋಸ್ 7ಕ್ಕೆ 2020ರ ಜನವರಿ 14ರಂದೂ ಮುಗಿಯಿತು. ಅದಕ್ಕೂ ಮೊದಲೇ, 2016ರ ಜನವರಿಯಲ್ಲಿ, ಮುಂದೆ ಬರುವ ಸಂಸ್ಕಾರಕಗಳಿಗೆ ಆಗಿನ ಹೊಸ ವಿಂಡೋಸಿನಲ್ಲಿ ಮಾತ್ರ ಬೆಂಬಲವಿರುವುದೆಂದು ಆ ಸಂಸ್ಥೆಯು ಸಾರಿತ್ತು.

ನಮ್ಮ ವಿಭಾಗದ ಗಣಕಯಂತ್ರವು 2016ರದು. ಮೊದಲು ಅದರಲ್ಲಿ ಎಕ್ಸ್‌ಪಿಯನ್ನು ಸ್ಥಾಪಿಸಲು ಹೋಗಿ ನೀಲಿ ತೆರೆಯನ್ನು ಕಂಡೆವು. ಇದಕ್ಕಿಂತ ಹಳೆಯ ಯಂತ್ರಗಳಲ್ಲಾದರೆ ಎರಡು ಉಪಾಯಗಳಿದ್ದವು. ಬಯೋಸ್‌ನಲ್ಲಿ ಡಿಸ್ಕಿನ ಪದ್ಧತಿಯನ್ನು ಎ.ಎಚ್.ಸಿ.ಐ.ಯಿಂದ ಐ.ಡಿ.ಇ.ಗೆ ಬದಲಿಸುವುದು ಒಂದು. ಸ್ಥಾಪನೆಯ ಆರಂಭದಲ್ಲಿ ಎಫ್6 ಕೀಲಿಯನ್ನೊತ್ತಿ ಫ್ಲಾಪಿಯಿಂದ ಡಿಸ್ಕಿನ ಡ್ರೈವರನ್ನು ಕೊಡುವುದು, ಇಲ್ಲವೆ ಎನ್‌ಲೈಟ್ ಎಂಬ ಸಾಧನದಿಂದ ಅದನ್ನು ಸಿ.ಡಿ.ಯ ಪ್ರತಿಯಲ್ಲಿಯೇ ಸೇರಿಸುವುದು ಇನ್ನೊಂದು. ನಮ್ಮ ಯಂತ್ರದಲ್ಲಿ ಐ.ಡಿ.ಇ. ಎಂಬ ಆಯ್ಕೆಯೇ ಇರಲಿಲ್ಲ. ಅದರ ಡಿಸ್ಕಿನ ನಿಯಂತ್ರಕಕ್ಕೆ ತಯಾರಕರು ಎಕ್ಸ್‌ಪಿಯ ಡ್ರೈವರನ್ನು ಕೊಟ್ಟೂ ಇರಲಿಲ್ಲ.

ತರುವಾಯ ವಿಂಡೋಸ್ 7ನ್ನು ಪ್ರಯತ್ನಿಸಿದೆವು. ಭಾಷೆಯನ್ನು ಆರಿಸುವ ಮೊದಲ ಪುಟವು ಬಂದೊಡನೆ ಕೀಲಿಮಣೆಯೂ ಮೌಸೂ ಸ್ತಬ್ಧವಾದವು. ಇದಕ್ಕೆ ಕಾರಣವು ಗೂಢವಾದುದಲ್ಲ. 2015ರಲ್ಲಿ ಬಂದ ಇಂಟೆಲ್‌ನ 100 ಸರಣಿಯ ಚಿಪ್‌ಸೆಟ್ಟುಗಳಲ್ಲಿ ಯು.ಎಸ್.ಬಿ. 2.0ರ ಹಳೆಯ ನಿಯಂತ್ರಕವನ್ನು ಕೈಬಿಟ್ಟು, ಎಲ್ಲ ಪೋರ್ಟುಗಳನ್ನೂ 3.0ರ ನಿಯಂತ್ರಕದ ಅಧೀನಕ್ಕೆ ಕೊಡಲಾಯಿತು; ಆ ನಿಯಂತ್ರಕದ ಭಾಷೆಯು ವಿಂಡೋಸ್ 7ಕ್ಕೆ ಬಾರದು. ಇದೇ ಸಂದರ್ಭದಲ್ಲಿ ಕೆಲವು ಯಂತ್ರಗಳು ಸಿ.ಡಿ. ಡ್ರೈವಿನ ಡ್ರೈವರ್ ಇಲ್ಲವೆಂದು ಹೇಳುವುದುಂಟು. ಆ ಮಾತನ್ನು ನಂಬಿ ಸಿ.ಡಿ. ಡ್ರೈವಿನ ಡ್ರೈವರನ್ನು ಹುಡುಕುತ್ತ ಹೋದವನು ದಾರಿ ತಪ್ಪುತ್ತಾನೆ. ಅಲ್ಲಿ ಇಲ್ಲದಿರುವುದು ಯು.ಎಸ್.ಬಿ.ಯದು.

ಇಲ್ಲಿ ಡಿಸ್ಮ್ ಎಂಬ ವಿಂಡೋಸಿನ ಸ್ವಂತ ಸಾಧನವು ಕೆಲಸಕ್ಕೆ ಬಂದಿತು. ಇನ್ನೊಂದು ಗಣಕಯಂತ್ರದಲ್ಲಿ ಸ್ಥಾಪನೆಯ ಪ್ರತಿಯನ್ನು ಬಿಚ್ಚಿ, ಅದರ ಬೂಟ್ ಕಡತಕ್ಕೂ ಇನ್‌ಸ್ಟಾಲ್ ಕಡತಕ್ಕೂ ಯು.ಎಸ್.ಬಿ. 3.0 ಡ್ರೈವರನ್ನು ಸೇರಿಸಬೇಕು. ಬೂಟ್ ಕಡತದೊಳಗೆ ಎರಡು ಪ್ರತಿಮೆಗಳಿದ್ದು, ಸ್ಥಾಪನೆಯು ನಡೆಯುವುದು ಎರಡನೆಯದರಿಂದ. ನಾವು ಮೊದಲನೆಯದಕ್ಕೆ ಮಾತ್ರ ಸೇರಿಸಿ ಒಂದು ವಾರವನ್ನು ವ್ಯರ್ಥಗೊಳಿಸಿದೆವು. ಹಳೆಯ ದುಂಡು ಪಿನ್ನಿನ ಕೀಲಿಮಣೆಗೆ ಸ್ಥಳವಿರುವ ಯಂತ್ರವಾದರೆ ಅದನ್ನು ಜೋಡಿಸಿಯೇ ಸ್ಥಾಪನೆಯನ್ನು ಮುಗಿಸಿ, ಉಳಿದುದನ್ನು ಆಮೇಲೆ ನೋಡಿಕೊಳ್ಳಬಹುದು.

ವಿಂಡೋಸ್ 7 ಎದ್ದು ನಿಂತಿತು. ಬೀಗವನ್ನು ಸಿಕ್ಕಿಸಿದಾಗ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಡನೆ ‘ಅಪರಿಚಿತ’ವೆಂದು ಬಂದಿತು. ಡ್ರೈವರನ್ನು ಅರಸುವವರು ಸಾಮಾನ್ಯವಾಗಿ ಇಲ್ಲಿಯೇ ಎಡವುತ್ತಾರೆ; ವಸ್ತುವಿನ ಮೇಲೆ ಅಚ್ಚಾದ ಹೆಸರನ್ನು ಹಿಡಿದು ಹೊರಡುತ್ತಾರೆ. ಒಂದೇ ಮಾರಾಟದ ಹೆಸರಿನ ಕೆಳಗೆ ಬೇರೆ ಬೇರೆ ಚಿಪ್ಪುಗಳುಳ್ಳ ವಸ್ತುಗಳಿರುವುದು ಅಪರೂಪವಲ್ಲ. ರಟ್ಟರ ವಂಶದಲ್ಲಿ ಕಾರ್ತವೀರ್ಯರು ನಾಲ್ವರಿದ್ದಾರೆ. ಶಾಸನದಲ್ಲಿ ‘ಕಾರ್ತವೀರ್ಯ’ ಎಂದಿದ್ದ ಮಾತ್ರಕ್ಕೆ ಯಾವ ಅಭ್ಯಾಸಿಯೂ ಕಾಲವನ್ನು ನಿರ್ಣಯಿಸುವುದಿಲ್ಲ, ಶಕವರ್ಷವನ್ನು ನೋಡುತ್ತಾನೆ. ಗಣಕಯಂತ್ರದ ಭಾಗಗಳಿಗೂ ಅಂಥ ಖಚಿತವಾದ ಅಂಕಿಗಳುಂಟು. ಆ ವಸ್ತುವಿನ ಗುಣವಿವರಗಳಲ್ಲಿ ‘ಡೀಟೇಲ್ಸ್’ ಎಂಬ ಪುಟವನ್ನು ತೆರೆದು ‘ಹಾರ್ಡ್‌ವೇರ್ ಐಡಿ’ಯನ್ನು ಆರಿಸಿದರೆ ಎರಡು ಸಂಖ್ಯೆಗಳು ಸಿಗುತ್ತವೆ. ಮೊದಲನೆಯದು ತಯಾರಕನದು, ಎರಡನೆಯದು ವಸ್ತುವಿನದು. ಹದಿನಾರರ ಎಣಿಕೆಯಲ್ಲಿ ಎರಡೂ ನಾಲ್ಕು ನಾಲ್ಕು ಅಂಕಿಗಳವು. ಇಂಟೆಲ್ ತನ್ನ ತಯಾರಕ ಸಂಖ್ಯೆಯಾಗಿ ಇಟ್ಟುಕೊಂಡಿರುವುದು 8086. 1978ರಲ್ಲಿ ಅದೇ ಸಂಸ್ಥೆಯು ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೇ ಇಲ್ಲಿ ಬಿರುದಿನಂತೆ ಕುಳಿತಿದೆ. ಯಂತ್ರದಲ್ಲಿರುವ ವ್ಯವಸ್ಥೆಯನ್ನು ಅಳಿಸುವ ಮೊದಲು ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅಳಿಸಿದ ಮೇಲೆ ನೆನಪಾದರೆ ಪೆನ್‌ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿಯೂ ಈ ಸಂಖ್ಯೆಗಳನ್ನು ತಿಳಿಯಬಹುದು.

ಸಂಖ್ಯೆಯು ದೊರೆತ ಬಳಿಕ ಡ್ರೈವರನ್ನು ಎಲ್ಲಿ ಅರಸಬೇಕು? ತಯಾರಕರ ತಾಣವೇ ಮೊದಲ ಸ್ಥಳವೆಂಬುದು ಸರಿಯೇ. ಆದರೆ ಹಳೆಯ ಡ್ರೈವರುಗಳು ಅಲ್ಲಿಂದ ಕಾಲಕಾಲಕ್ಕೆ ಮರೆಯಾಗುತ್ತಿರುತ್ತವೆ. ಹಳೆಯ ಸಿ.ಡಿ.ಗಳ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ಸಾಕಷ್ಟು ಕಾಪಾಡಿದೆ. ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿಕೊಡುವೆನೆನ್ನುವ ತಂತ್ರಾಂಶಗಳಿಂದ ದೂರವಿರುವುದು ಲೇಸು. ಡ್ರೈವರು ವ್ಯವಸ್ಥೆಯ ಗರ್ಭಗುಡಿಯವರೆಗೆ ಪ್ರವೇಶವುಳ್ಳದ್ದಾದುದರಿಂದ ಅದು ಯಾರ ಕೈಯಿಂದ ಬಂತೆಂಬುದು ಮುಖ್ಯ. ಇವೆಲ್ಲಕ್ಕಿಂತ ಹತ್ತಿರದ ಸ್ಥಳವೊಂದುಂಟು, ಅದು ಹಳೆಯ ಹಾರ್ಡ್‌ಡಿಸ್ಕೇ. ಎಕ್ಸ್‌ಪಿಯಲ್ಲಿ ಹೊರಗಿನಿಂದ ಅಳವಡಿಸಿದ ಡ್ರೈವರುಗಳ ವಿವರಣ ಕಡತಗಳೆಲ್ಲ ವಿಂಡೋಸ್ ಫೋಲ್ಡರಿನ ‘ಐ.ಎನ್.ಎಫ್.’ ಎಂಬ ಒಳಫೋಲ್ಡರಿನಲ್ಲಿ ‘ಓ.ಇ.ಎಂ.’ ಎಂಬ ಹೆಸರಿನೊಡನೆ ಕ್ರಮಾಂಕ ಹೊತ್ತು ಕುಳಿತಿರುತ್ತವೆ. ಇವು ಸಾದಾ ಅಕ್ಷರದ ಕಡತಗಳು. ಯಾರಾದರೂ ತೆರೆದು ಓದಬಹುದು. ಸವದತ್ತಿಯ ಡಿಸ್ಕನ್ನು ಒಂದು ಯು.ಎಸ್.ಬಿ. ಅಡಾಪ್ಟರಿಗೆ ಜೋಡಿಸಿ ಆ ಕಡತಗಳಲ್ಲಿ ಬೀಗದ ಎರಡು ಸಂಖ್ಯೆಗಳನ್ನು ಹುಡುಕಿದಾಗ ಏಳನೆಯ ಕಡತದಲ್ಲಿ ಅವು ಸಿಕ್ಕವು. ಅದರಲ್ಲಿ ಹೆಸರಿಸಿದ್ದ ಮೂಲ ಡ್ರೈವರು ‘ಸಿಸ್ಟಮ್32’ರ ಡ್ರೈವರುಗಳ ಫೋಲ್ಡರಿನಲ್ಲಿತ್ತು.

ಇಷ್ಟಾದರೂ ಬೀಗವು ತೆರೆಯಲಿಲ್ಲ, ಮತ್ತು ಈ ತಪ್ಪು ನಮ್ಮದೇ. ನಾವು ಸ್ಥಾಪಿಸಿದ್ದು 64 ಬಿಟ್ಟಿನ ವಿಂಡೋಸ್ 7. ಸಿಕ್ಕಿದ ಡ್ರೈವರು 32 ಬಿಟ್ಟಿನದು. ಸಾಮಾನ್ಯ ತಂತ್ರಾಂಶಗಳ ವಿಷಯದಲ್ಲಿ 64 ಬಿಟ್ಟಿನ ವಿಂಡೋಸು 32ರವನ್ನೂ ಸಾಗಿಸಿಕೊಂಡು ಹೋಗುತ್ತದೆ. ಡ್ರೈವರುಗಳ ವಿಷಯದಲ್ಲಿ ಮಾತ್ರ ಈ ಔದಾರ್ಯವಿಲ್ಲ.

ಮತ್ತೊಮ್ಮೆ ಎಲ್ಲವನ್ನೂ ಅಳಿಸುವ ಬದಲು ನಾವು ಬೇರೆ ಮಾರ್ಗವನ್ನು ಹಿಡಿದೆವು. ಮೊದಲೇ ಹಿಡಿಯಬೇಕಾಗಿದ್ದ ಮಾರ್ಗವದು. ವರ್ಚುವಲ್‌ಬಾಕ್ಸ್ ಮೊದಲಾದ ತಂತ್ರಾಂಶಗಳು ಹೊಸ ಗಣಕಯಂತ್ರದೊಳಗೆ ಒಂದು ಕಲ್ಪಿತ ಗಣಕಯಂತ್ರವನ್ನು ನಿರ್ಮಿಸುತ್ತವೆ. ಅದರ ಡಿಸ್ಕಿನ ನಿಯಂತ್ರಕವೂ ಜಾಲದ ಕಾರ್ಡೂ ಬೇಕೆಂತಲೇ ಹಳೆಯ ಮಾದರಿಯವಾಗಿದ್ದು, ಎಕ್ಸ್‌ಪಿಯ ಸಿ.ಡಿ.ಯಲ್ಲಿರುವ ಡ್ರೈವರುಗಳೇ ಅವಕ್ಕೆ ಒಪ್ಪುತ್ತವೆ. ಹೊಸ ಭಾಗಗಳಿಗೆ ಹಳೆಯ ಡ್ರೈವರನ್ನು ಹುಡುಕುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹೊರಗಿನ ಯು.ಎಸ್.ಬಿ. ವಸ್ತುವೊಂದನ್ನು ಆ ಕಲ್ಪಿತ ಯಂತ್ರಕ್ಕೆ ನೇರವಾಗಿ ಒಪ್ಪಿಸಲೂ ಬರುತ್ತದೆ. ಹಾಗೆ ಬೀಗವನ್ನು ಒಪ್ಪಿಸಿ, ಹಳೆಯ ಡಿಸ್ಕಿನಿಂದ ತೆಗೆದ ಡ್ರೈವರನ್ನು ಕೊಟ್ಟೆವು. ಎಕ್ಸ್‌ಪಿಗೆ ಈಗ ರಕ್ಷಣೆಯ ತಿದ್ದುಪಡಿಗಳು ಬಾರದಿರುವುದರಿಂದ ಆ ಯಂತ್ರಕ್ಕೆ ಜಾಲದ ಸಂಪರ್ಕವನ್ನು ಕೊಡಲಿಲ್ಲ. ಅಚ್ಚುಜೋಡಣೆಯ ತಂತ್ರಾಂಶವು ತೆರೆಯಿತು. ಮೊದಲ ಪುಟದಲ್ಲಿ ಶಿಕ್ಷಕರ ಅರಿಕೆಯಿತ್ತು.

ಒಟ್ಟು 61 ಕಡತಗಳಲ್ಲಿ 54 ತೆರೆದವು. ಉಳಿದ ಏಳು ಡಿಸ್ಕಿನ ಮೇಲೆಯೇ ಹಾಳಾಗಿವೆ. ತೆರೆದವುಗಳನ್ನು ಪಿ.ಡಿ.ಎಫ್. ಮಾಡಿ, ಪಾಠವನ್ನು ಯೂನಿಕೋಡಿಗೆ ತಿರುಗಿಸಿ, ಎರಡನ್ನೂ ಸಾಲುಸಾಲಾಗಿ ಹೋಲಿಸುವ ಕೆಲಸವು ಸಾಗಿದೆ. ಒತ್ತಕ್ಷರಗಳಲ್ಲಿಯೂ ರೇಫದಲ್ಲಿಯೂ ಪರಿವರ್ತನೆಯು ಅಲ್ಲಲ್ಲಿ ತಪ್ಪುತ್ತಿರುವುದರಿಂದ ಈ ಹೋಲಿಕೆಯನ್ನು ಬಿಡುವಂತಿಲ್ಲ. ಬೀಗ, ಅದರ ಡ್ರೈವರು, ಸಂಖ್ಯೆಗಳನ್ನು ಬರೆದ ಹಾಳೆ ಮತ್ತು ಕಲ್ಪಿತ ಯಂತ್ರದ ಪೂರ್ಣ ಪ್ರತಿ ಇವನ್ನು ಕಡತಗಳ ಜೊತೆಯಲ್ಲಿಯೇ ಇರಿಸಿದ್ದೇವೆ.

ಪೆಟ್ಟಿಗೆಯಲ್ಲಿ ಇನ್ನೊಂದು ವಸ್ತುವೂ ಇದೆ. 25 ಪಿನ್ನಿನ ಪ್ರಿಂಟರ್ ಪೋರ್ಟಿಗೆ ಜೋಡಿಸುವ ಜಿಪ್ ಡ್ರೈವು ಮತ್ತು ನೂರು ಮೆಗಾಬೈಟಿನ ಒಂಬತ್ತು ಡಿಸ್ಕುಗಳು. ಡಿಸ್ಕುಗಳ ಮೇಲೆ ‘ಕಲ್ಲಿನ ಫೋಟೋ’ ಎಂದಷ್ಟೇ ಬರೆದಿದೆ. ಇದರ ಡ್ರೈವರ್ ಸಿ.ಡಿ. ನಮ್ಮಲ್ಲಿ ಸುಸ್ಥಿತಿಯಲ್ಲಿದೆ, ಆ ಪೋರ್ಟುಳ್ಳ ಗಣಕಯಂತ್ರವೇ ಇಲ್ಲ. ಯು.ಎಸ್.ಬಿ.ಯಿಂದ ಪ್ರಿಂಟರ್ ಪೋರ್ಟಿಗೆ ಮಾರ್ಪಡಿಸುವ ತಂತಿಗಳು ಪ್ರಿಂಟರಿಗಲ್ಲದೆ ಬೇರೆಯದಕ್ಕೆ ಉಪಯೋಗಕ್ಕೆ ಬರುವುದಿಲ್ಲವೆಂಬುದನ್ನು ಕೊಂಡ ಮೇಲೆ ತಿಳಿದೆವು. ಮಹಾವಿದ್ಯಾಲಯಗಳ ಉಗ್ರಾಣಗಳಲ್ಲಿ ಅಂಥ ಪೋರ್ಟುಳ್ಳ, ನಡೆಯುವ ಸ್ಥಿತಿಯ ಹಳೆಯ ಗಣಕಯಂತ್ರವು ಯಾರಲ್ಲಾದರೂ ಇದ್ದರೆ ಅದನ್ನು ಹರಾಜಿಗೆ ಹಾಕುವ ಮೊದಲು ವಿಭಾಗಕ್ಕೆ ತಿಳಿಸಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.