ಹೃದಯದ ಕೈಬರಹ

ಹಲಸೂರಿನ ಗೃಹಸ್ಥರೊಬ್ಬರನ್ನು ಊಹಿಸಿಕೊಳ್ಳಿ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದ ತರಕಾರಿಯ ಚೀಲ ಹೊತ್ತು ಮನೆಗೆ ಬಂದವರು ಎದೆಯ ಮೇಲೆ ಕೈಯಿಟ್ಟು ಕುಳಿತುಬಿಟ್ಟರು. ಹಣೆಯ ತುಂಬ ಬೆವರು, ಎಡದೋಳಿನಲ್ಲಿ ಸೆಳೆತ. “ವಾಯುವಿರಬೇಕು, ಒಂದಿಷ್ಟು ಓಮದ ಕಷಾಯ ಮಾಡಿಕೊಡು” ಎಂದು ಮಡದಿಗೆ ಹೇಳಿದರು. ಕಷಾಯ ಕುದಿಯುವಷ್ಟು ಹೊತ್ತಿನಲ್ಲಿ ಅವರ ಹೃದಯದೊಳಗೆ ನಡೆಯುವುದೇನು?

ಪ್ರತಿಯೊಂದು ಬಡಿತಕ್ಕೂ ಮುನ್ನ ಹೃದಯದ ಸ್ನಾಯುವಿನಲ್ಲಿ ಕಿರಿದಾದೊಂದು ವಿದ್ಯುತ್ತಿನ ಅಲೆ ಹರಿಯುತ್ತದೆ. ಅದನ್ನು ಚರ್ಮದ ಮೇಲಿಂದಲೇ ಹಿಡಿದು ಕಾಗದಕ್ಕಿಳಿಸುವುದೇ ಇ.ಸಿ.ಜಿ. ಹಾಲೆಂಡಿನ ಐಂಥೋವನ್ ಕಳೆದ ಶತಮಾನದ ಆರಂಭದಲ್ಲಿ ಈ ಯಂತ್ರವನ್ನು ರೂಪಿಸಿದಾಗ, ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನಲ್ಲಿ ಅದ್ದಿ ಕುಳಿತಿರಬೇಕಾಗಿತ್ತು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರೂ ಅವರೇ. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹೃದಯಾಘಾತವು ಈ ಗೆರೆಗಳ ಮೇಲೆ ಮೂಡಿಸುವ ಗುರುತನ್ನು 1920ರಲ್ಲಿ ವಿವರಿಸಿದವರು ನ್ಯೂಯಾರ್ಕಿನ ವೈದ್ಯ ಹೆರಾಲ್ಡ್ ಪಾರ್ಡೀ.

ಆ ಗುರುತು ಗಳಿಗೆಗಳಿಗೆಗೂ ಬದಲಾಗುವಂಥದು. ರಕ್ತನಾಳವು ಪೂರ್ತಿ ಮುಚ್ಚಿದ ಕೆಲವೇ ನಿಮಿಷಗಳಲ್ಲಿ ‘ಟಿ’ ಅಲೆ ಎತ್ತರಕ್ಕೇಳುತ್ತದೆ. ಬಳಿಕ ‘ಎಸ್’ ಮತ್ತು ‘ಟಿ’ಗಳ ನಡುವೆ ಸಮನಾಗಿರಬೇಕಾದ ಗೆರೆ ಮೇಲೇರಿ ಕಮಾನಿನಂತೆ ಬಾಗುತ್ತದೆ. ಸ್ನಾಯು ಉಸಿರಿಗಾಗಿ ಹಂಬಲಿಸುತ್ತಿದೆ, ಇನ್ನೂ ಉಳಿಸಬಹುದು ಎಂಬುದೇ ಅದರ ಅರ್ಥ. ಗಂಟೆಗಳು ಕಳೆದಂತೆ ಆಳವಾದ ‘ಕ್ಯೂ’ ಅಲೆ ಮೂಡುತ್ತದೆ. ಸತ್ತ ಸ್ನಾಯುವಿನಲ್ಲಿ ವಿದ್ಯುತ್ತು ಹುಟ್ಟದು. ಆ ಭಾಗ ತೆರೆದ ಕಿಟಕಿಯಂತಾಗಿ, ಯಂತ್ರಕ್ಕೆ ಎದುರುಗೋಡೆಯ ವಿದ್ಯುತ್ತು ಮಾತ್ರ ಕಾಣುತ್ತದೆ. ಮುಂದೆ ಮೇಲೇರಿದ ಗೆರೆ ಇಳಿಯುತ್ತದೆ, ‘ಟಿ’ ತಲೆಕೆಳಗಾಗುತ್ತದೆ. ವಾರಗಳಲ್ಲೋ ತಿಂಗಳುಗಳಲ್ಲೋ ಅದೂ ಸರಿಹೋಗಬಹುದು. ಆದರೆ ‘ಕ್ಯೂ’ ಎಷ್ಟೋ ಜನರಲ್ಲಿ ಹಳೆಯ ಗಾಯದ ಕಲೆಯಂತೆ ಕೊನೆಯವರೆಗೂ ಉಳಿಯುತ್ತದೆ.

ಒಂದು ಎಚ್ಚರಿಕೆ: ಮೊದಲ ಇ.ಸಿ.ಜಿ. ಸರಿಯಾಗಿ ಕಂಡಿತೆಂದು ನಿಶ್ಚಿಂತರಾಗಬಾರದು. ಕೆಲವು ಆಘಾತಗಳಲ್ಲಿ ಗೆರೆ ಏರುವುದೇ ಇಲ್ಲ. ನೋವು ಮುಂದುವರಿದರೆ ಮತ್ತೆ ಮತ್ತೆ ತೆಗೆದು ಹೋಲಿಸುವುದು ವೈದ್ಯರ ಪದ್ಧತಿ.

ಚಿತ್ರನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ, ಹೃದಯಾಘಾತದಿಂದ ಅಗಲಿದಾಗ ನಾಡೇ ಕಂಬನಿಗರೆಯಿತು. ಅವರ ಹೆಸರಿನ ‘ಹೃದಯಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ಬೆಂಗಳೂರಿನ ಜಯದೇವದಂಥ ಕೇಂದ್ರದ ತಜ್ಞರನ್ನು ತಲುಪುತ್ತದೆ. ಅವರು ಸೂಚಿಸಿದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ.

ಹಳೆಯ ಇ.ಸಿ.ಜಿ. ಮನೆಯಲ್ಲಿದ್ದರೆ ಜೋಪಾನವಾಗಿಡಿ. ಆ ಕಾಗದದ ಗೆರೆಗಳು ಕ್ರಮೇಣ ಮಾಸುವುದರಿಂದ ನಕಲು ತೆಗೆಸಿಡುವುದು ಲೇಸು. ಹೊಸದು ಯಾವುದು, ಹಳೆಯದು ಯಾವುದು ಎಂದು ತಿಳಿಯಲು ವೈದ್ಯರಿಗೆ ಅದೇ ಆಧಾರ.

ಇನ್ನು ನಮ್ಮ ಹಲಸೂರಿನ ಗೃಹಸ್ಥರ ಮಾತು. ಮಡದಿ ಒಲೆಯಾರಿಸಿ 108ಕ್ಕೆ ಕರೆ ಮಾಡಿದರೆ, ಅವರ ಗೆರೆ ಕಮಾನಿನ ಘಟ್ಟದಲ್ಲಿರುವಾಗಲೇ ಚಿಕಿತ್ಸೆ ದೊರೆತೀತು. ಕಷಾಯ ಆರಲೆಂದು ಕಾದರೆ ‘ಕ್ಯೂ’ ಕಾದಿರದು. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆ ಹೃದಯದ ಮಿಂಚಿಗೂ ಸಲ್ಲುತ್ತದೆ.